ಗೋಡೆ ಸಪ್ಪೆಯಾಗುವವರೆಗೆ

ನವೆಂಬರ್ ೪

ಅಮ್ಮನಿಗೆ,

ಎರಡು ವರ್ಷದ ಮೇಲೆ ಬರೆಯುತ್ತಿದ್ದೇನೆ, ಅದೂ ಕೆಲಸದ ವಿಷಯಕ್ಕೆ. ಮುನಿಸು ಇಳಿಯಿತು ಅಂತ ತಿಳಿಯಬೇಡ.

ನಾನೀಗ ಸಮುದ್ರದ ನಡುವೆ ಒಂದು ಬಂಡೆಯ ಮೇಲಿದ್ದೇನೆ. ಉದ್ದಕ್ಕೆ ನಡೆದರೆ ಮುನ್ನೂರು ಹೆಜ್ಜೆ, ಅಡ್ಡಕ್ಕೆ ನಡೆದರೆ ನೂರು. ಅದರ ಮೇಲೆ ಒಂದು ದೀಪಸ್ತಂಭ, ಎರಡು ಕೋಣೆ, ಮಳೆನೀರಿನ ತೊಟ್ಟಿ, ಮತ್ತೆ ದೀಪ ನೋಡಿಕೊಳ್ಳುವ ಒಬ್ಬ ಮುದುಕ. ಎಲ್ಲರೂ ಅವನನ್ನು ದೀಪದಜ್ಜ ಅನ್ನುತ್ತಾರೆ. ಫೋನ್ ಸಿಗುವುದಿಲ್ಲ. ಹದಿನೈದು ದಿನಕ್ಕೊಮ್ಮೆ ದೋಣಿ ದಿನಸಿ ಮತ್ತು ಕಾಗದ ತರುತ್ತದೆ.

ಈ ಸ್ತಂಭಕ್ಕೆ ಬುಡದಿಂದ ತುದಿಯವರೆಗೆ ಬಿಳಿ ಬಣ್ಣ ಹೊಡೆಯುವ ಕೆಲಸ ನನ್ನದು. ಮೇಸ್ತ್ರಿ ನಾನೇ, ಕೈಕೆಳಗೆ ನಾಲ್ವರು. ಸ್ವಂತವಾಗಿ ಹಿಡಿದ ಮೊದಲ ಕೆಲಸ. ಮಾರ್ಚ್ ಕೊನೆಗೆ ಇಲಾಖೆಯ ತಪಾಸಣೆಯವರು ಬರುತ್ತಾರೆ. ಅವರು ಒಪ್ಪಿದರೆ ಮುಂದಿನ ದೀಪಸ್ತಂಭಗಳೂ ನನಗೇ. ಒಪ್ಪದಿದ್ದರೆ ಮತ್ತೆ ಯಾರದೋ ಏಣಿಯ ಕೆಳಗೆ ಡಬ್ಬ ಹಿಡಿದು ನಿಲ್ಲುವುದೇ ಗತಿ.

ವಿಷಯ ಇಷ್ಟು: ಬುಡದಿಂದ ಇಪ್ಪತ್ತು ಅಡಿ ಮೊದಲ ಕೋಟ್ ಹೊಡೆದೆವು. ನೋಡಲು ಕಣ್ಣು ಕುಕ್ಕುವ ಹಾಗಿತ್ತು. ಹತ್ತನೇ ದಿನಕ್ಕೆ ಮೈತುಂಬ ಗುಳ್ಳೆ. ಒಂದನ್ನು ಒತ್ತಿದರೆ ಬಣ್ಣ ಹಪ್ಪಳೆಯಾಗಿ ಕೈಗೆ ಬಂತು, ಒಳಗೆ ಬಿಳೀ ಪುಡಿ. ಹುಡುಗರು ನನ್ನ ಮುಖ ನೋಡಿದರು, ನಾನು ಸಮುದ್ರ ನೋಡಿದೆ.

ನಿನ್ನನ್ನು ಕೇಳಬಾರದು ಅಂತಲೇ ಇದ್ದೆ. ಆದರೆ ಒಂದು ನೆನಪು ಬಿಡುತ್ತಿಲ್ಲ. ನೀನು ಉಪ್ಪಿನ ಗೋದಾಮಿಗೆ ಬಣ್ಣ ಹೊಡೆದಾಗ ನನಗೆ ಆರು ವರ್ಷ. ನೀನು ದಿನಾ ಬೆಳಿಗ್ಗೆ ಗೋಡೆಗೆ ಮುಖ ಹಚ್ಚಿ ಏನೋ ಮಾಡುತ್ತಿದ್ದೆ. ನೀನು ಗೋಡೆಗೆ ಮುತ್ತು ಕೊಡುತ್ತಿದ್ದೀಯ ಅಂದುಕೊಂಡು ನನಗೆ ಹೊಟ್ಟೆಕಿಚ್ಚಾಗಿತ್ತು. ಅದೇನು ಮಾಡುತ್ತಿದ್ದೆ? ಅಷ್ಟು ತಿಳಿಸಿದರೆ ಸಾಕು.

ಇತಿ,
ಮಗಳು


ನವೆಂಬರ್ ೧೬

ಮಗಳೇ,

ನಿನ್ನ ಕಾಗದವನ್ನು ಪಕ್ಕದ ಅಂಗಡಿಯ ಬಡಗಿ ತಂದುಕೊಟ್ಟ. ಅಂಚೆಯವನಿಗೆ ನಮ್ಮ ಮೆಟ್ಟಿಲು ಹತ್ತುವುದೆಂದರೆ ಮಂಡಿನೋವು. "ಅಕ್ಕಾ, ಹೊರಗಡೆ ಮಗಳ ಅಕ್ಷರ ಇದೆ, ಒಳಗಡೆ ಏನಿದೆ ಬೇಗ ನೋಡು" ಅಂತ ತಲೆ ಮೇಲೆ ಕೂತ. ಕೈಯಲ್ಲಿ ಬಣ್ಣವಿತ್ತು. ಸೋಪು ಹಚ್ಚಿ ತೊಳೆದು, ಒರೆಸಿ, ಕನ್ನಡಕ ಹುಡುಕಿ, ಕಿಟಕಿಯ ಹತ್ತಿರ ಕುರ್ಚಿ ಎಳೆದುಕೊಂಡು ಆಮೇಲೆ ಒಡೆದೆ. ಅಷ್ಟು ತಯಾರಿ ಮಾಡಿಕೊಂಡು ಕೂತರೂ "ಅಮ್ಮನಿಗೆ" ಅನ್ನುವಲ್ಲೇ ಕನ್ನಡಕ ಮಂಜಾಯಿತು.

ಈಗ ಕೆಲಸದ ಮಾತು. ಮುತ್ತಲ್ಲ ಹುಚ್ಚಿ, ನೆಕ್ಕುತ್ತಿದ್ದೆ. ಗೋಡೆ ಕುಡಿದ ಉಪ್ಪು ಕಣ್ಣಿಗೆ ಕಾಣುವುದಿಲ್ಲ, ಕೈಗೂ ಸಿಗುವುದಿಲ್ಲ, ನಾಲಿಗೆಗೆ ಮಾತ್ರ ಗೊತ್ತಾಗುತ್ತದೆ. ನೀನು ಆ ಉಪ್ಪಿನ ಮೇಲೆ ಬಣ್ಣ ಹೊಡೆದಿದ್ದೀಯ. ಅದು ಉಸಿರುಗಟ್ಟಿ ಹೊರಗೆ ಬರುತ್ತದೆ, ಬರುವಾಗ ನಿನ್ನ ಬಣ್ಣವನ್ನೂ ಹೊತ್ತುಕೊಂಡು ಬರುತ್ತದೆ.

ಹೊಡೆದ ಇಪ್ಪತ್ತು ಅಡಿಯನ್ನೂ ಕೆರೆದುಹಾಕು. ಅಯ್ಯೋ ಅನ್ನಬೇಡ. ಆಮೇಲೆ ಸಿಹಿನೀರಿನಲ್ಲಿ ಮೇಲಿನಿಂದ ಕೆಳಕ್ಕೆ ತೊಳೆ. ಕೆಳಗಿನಿಂದ ತೊಳೆದರೆ ಮೇಲಿನ ಉಪ್ಪು ಇಳಿದು ಮಾಡಿದ್ದೆಲ್ಲ ಮಣ್ಣುಪಾಲು. ಒಣಗಿದ ಮೇಲೆ ಬೆರಳು ಒದ್ದೆ ಮಾಡಿ ಗೋಡೆಗೆ ಒತ್ತಿ ನಾಲಿಗೆಗೆ ಇಡು. ಉಪ್ಪಾದರೆ ಮತ್ತೆ ತೊಳೆ. ಎಷ್ಟು ಸಲ ಅಂತ ಕೇಳಬೇಡ, ಗೋಡೆ ಸಪ್ಪೆಯಾಗುವವರೆಗೆ. ಒಣಗಿದೆಯೋ ಇಲ್ಲವೋ ಅಂತ ಅನುಮಾನ ಬಂದರೆ ಒಂದು ಅಡಿ ಪ್ಲಾಸ್ಟಿಕ್ ಹಾಳೆ ಗೋಡೆಗೆ ಅಂಟಿಸು. ಮರುದಿನ ಒಳಗೆ ಹನಿ ಕಂಡರೆ ಇನ್ನೂ ಕಾಯಬೇಕು. ಒಣಗಿದ ಜಾಗಕ್ಕೆ ಅವತ್ತೇ ಪ್ರೈಮರ್ ಬಳಿ, ಇಲ್ಲದಿದ್ದರೆ ಗಾಳಿ ಮತ್ತೆ ಉಪ್ಪು ತಂದು ಸುರಿಯುತ್ತದೆ.

ಮಾರ್ಚ್ ಕೊನೆಗೆ ತಪಾಸಣೆ ಅಂದೆ. ಫೆಬ್ರವರಿ ಮುಗಿಯುವವರೆಗೆ ಬಿಳಿ ಬಣ್ಣದ ಡಬ್ಬದ ಮುಚ್ಚಳ ತೆಗೆಯಲೇಬೇಡ. ಬಣ್ಣ ಹೊಡೆಯುವುದು ಕೊನೆಯ ವಾರದ ಕೆಲಸ. ನೋಡುವವರಿಗೆ ಆ ವಾರ ಮಾತ್ರ ಕಾಣುತ್ತದೆ, ಇರಲಿ ಬಿಡು.

ಇಲ್ಲಿ ಎಲ್ಲ ಇದ್ದ ಹಾಗೇ ಇದೆ. ಬಡಗಿ ತನ್ನ ಅಂಗಡಿಗೆ ತಾನೇ ಮಾಡಿದ ಬಾಗಿಲು ಇನ್ನೂ ಮುಚ್ಚಿಕೊಳ್ಳುವುದಿಲ್ಲ. ಅಳತೆ ಮಾಡದೆ ಕೊಯ್ದರೆ ಇನ್ನೇನಾಗುತ್ತದೆ? ನಿನ್ನ ಕಾಗದ ಕೊಟ್ಟು ಹೋಗುವಾಗ ನನ್ನ ಬಾಗಿಲ ಹಿಂದಿರುವ ಚೀಲಕ್ಕೆ ಎಡವಿ ಬಿದ್ದ. "ಇದ್ರಲ್ಲೇನಕ್ಕಾ ಇಷ್ಟು ಭಾರ?" ಅಂದ. ಒರೆಸೋ ಬಟ್ಟೆ ಕಣೋ ಅಂದೆ.

ಊಟ ಸರಿಯಾಗಿ ಮಾಡು. ಹಲಗೆ ತೂಗುಹಾಕುವ ಹಗ್ಗದ ಗಂಟನ್ನು ನೀನೇ ನೋಡು, ಯಾರ ಮಾತನ್ನೂ ನಂಬಬೇಡ.

ಇಂತಿ,
ಅಮ್ಮ


ಡಿಸೆಂಬರ್ ೨

ಅಮ್ಮನಿಗೆ,

ಕೆರೆದೆವು. ಹದಿನೇಳು ದಿನ ಹಿಡಿಯಿತು. ನಿನ್ನ ಕಾಗದ ಬರುವ ಮೊದಲೇ ಶುರು ಮಾಡಿದ್ದೆ, ಇಷ್ಟಾದರೂ ನನಗೇ ಹೊಳೆಯಿತು ಅಂತ ಹೇಳಿಕೊಳ್ಳುತ್ತಿದ್ದೇನೆ.

ನಾನು ಗೋಡೆಗೆ ಬೆರಳು ಒತ್ತಿ ನಾಲಿಗೆಗೆ ಇಟ್ಟಾಗ ಹುಡುಗರು ಬಿದ್ದು ಬಿದ್ದು ನಕ್ಕರು. ನಮ್ಮಲ್ಲಿ ಉದ್ದನೆಯವನು ಅಂತ ಒಬ್ಬನಿದ್ದಾನೆ, ಏಣಿ ಇಲ್ಲದೆಯೇ ಅರ್ಧ ಗೋಡೆ ಮುಗಿಸುವಂಥವನು. "ಮೇಸ್ತ್ರಿ, ಖಾರ ಬೇಕಾ?" ಅಂದ. ಈಗ ಅವನೇ ದಿನಾ ಬೆಳಿಗ್ಗೆ ಸುತ್ತಲೂ ರುಚಿ ನೋಡಿಕೊಂಡು ಬಂದು ವರದಿ ಕೊಡುತ್ತಾನೆ. ದೀಪದಜ್ಜ ಹೇಳಿದ, "ಮೂವತ್ತು ವರ್ಷದಿಂದ ಈ ಗೋಡೆಗೆ ಒರಗಿ ಕೂತಿದ್ದೀನಿ, ರುಚಿ ಹೇಗಿದೆ ಅಂತ ನೋಡ್ಬೇಕು ಅನ್ನಿಸ್ಲೇ ಇಲ್ಲ ನೋಡಮ್ಮ." ತೊಟ್ಟಿಯ ನೀರನ್ನು ಕುಡಿಯಲು ಇಷ್ಟು, ಗೋಡೆಗೆ ಇಷ್ಟು ಅಂತ ಗೆರೆ ಹಾಕಿ ಇಟ್ಟಿದ್ದೇವೆ. ನಾವು ಸ್ನಾನ ಮಾಡುವುದು ಸಮುದ್ರದಲ್ಲಿ. ಗೋಡೆ ಸಪ್ಪೆಯಾಗುತ್ತಿದೆ, ನಾವು ಉಪ್ಪಾಗುತ್ತಿದ್ದೇವೆ.

ಮೋಡ ಇಲ್ಲದ ದಿನ ಮೇಲಿನ ಹಲಗೆಯಿಂದ ದಡ ಕಾಣುತ್ತದೆ. ಬರೀ ಒಂದು ಗೆರೆ. ಅದರಾಚೆ ಬಸ್ಸು, ಬಸ್ಸಿನಾಚೆ ನಮ್ಮ ಬೀದಿ, ಬೀದಿಯಲ್ಲಿ ನೀನು ಡಬ್ಬ ತೂಗಾಡಿಸಿಕೊಂಡು ಹೋಗುತ್ತಿರುತ್ತೀಯ ಅಂತ ಲೆಕ್ಕ ಹಾಕುತ್ತೇನೆ. ಆಮೇಲೆ ಕೋಪ ನೆನಪಾಗಿ ಕೆಲಸ ನೋಡಿಕೊಳ್ಳುತ್ತೇನೆ.

ಇನ್ನೊಂದು ವಿಷಯ. ಈಗ ನಾನು ಒಂದು ಗೋಡೆಯನ್ನೂ ಮುಟ್ಟದೆ ದಾಟುವುದಿಲ್ಲ. ಕೈ ತಾನಾಗಿಯೇ ಹೋಗುತ್ತದೆ. ನಿನ್ನದೂ ಹಾಗೆಯೇ ಅಲ್ಲವಾ? ನಡೆಯುವಾಗ, ಮಾತಾಡುವಾಗ, ಬೇರೆಯವರ ಮನೆಗೆ ಹೋದಾಗ ಕೂಡ ಅಂಗೈ ಗೋಡೆಯ ಮೇಲೆಯೇ. ಹಾಗಾದರೆ ಶಾಲೆಯ ಆ ಓದುವ ಕೋಣೆಯ ಹಿಂದಿನ ಗೋಡೆಯನ್ನು, ನಾನು ಒಬ್ಬಳೇ ಬಣ್ಣ ಹೊಡೆದ ಮೊದಲ ಗೋಡೆಯನ್ನು, ನೀನು ಮೊದಲೇ ಮುಟ್ಟಿದ್ದೆಯಾ? ಅದು ಒದ್ದೆ ಅಂತ ನಿನಗೆ ಗೊತ್ತಿತ್ತಾ?

ಹೌದು ಅಥವಾ ಇಲ್ಲ ಅಂತ ಬರೆದರೆ ಸಾಕು.

ಮಗಳು


ಡಿಸೆಂಬರ್ ೧೪

ಮಗಳೇ,

ಕಾಗದ ಬಂತು, ಸಂತೋಷ. ಉದ್ದನೆಯವನನ್ನು ಬಿಡಬೇಡ, ರುಚಿ ಗೊತ್ತಿರುವ ಆಳು ಸಿಗುವುದು ಅಪರೂಪ. ಹಗ್ಗಕ್ಕೆ ಕಟ್ಟಿದ ಹಲಗೆಯ ಮೇಲೆ ಇಬ್ಬರಿಗಿಂತ ಹೆಚ್ಚು ನಿಲ್ಲಬೇಡಿ. ಬ್ರಷ್ಷನ್ನು ರಾತ್ರಿ ನೆನೆಹಾಕುವಾಗ ಕೂದಲು ತಳಕ್ಕೆ ತಾಗದ ಹಾಗೆ ತೂಗುಹಾಕು. ಕಿಟಕಿ ಚೌಕಟ್ಟಿನ ಕೆಳಗೆ ನೀರು ನಿಲ್ಲುತ್ತದೆ, ಅಲ್ಲಿ ಎರಡು ಸಲ ನೋಡು. ನನ್ನ ಬಲ ಭುಜ ಸ್ವಲ್ಪ ಹಿಡಿದುಕೊಂಡಿದೆ, ಗಾಬರಿಯಾಗುವಂಥದ್ದೇನಲ್ಲ. ಬಡಗಿ ಒಂದು ಮೇಜು ಮಾಡಿದ್ದಾನೆ, ನಾಲ್ಕು ಕಾಲಿದೆ, ಮೂರು ನೆಲಕ್ಕೆ ತಾಗುತ್ತವೆ.

ನಿನ್ನ ಇನ್ನೊಂದು ಪ್ರಶ್ನೆಯನ್ನು ಓದಿದೆ. ಈಗ ಕೆಲಸಕ್ಕೆ ಹೊತ್ತಾಯಿತು. ಆಮೇಲೆ ಬರೆಯುತ್ತೇನೆ.

ಅಮ್ಮ


ಜನವರಿ ೧೧

ಮಗಳೇ,

ಎರಡು ದೋಣಿ ಬಂದು ಹೋದವು, ನಿನ್ನ ಕಾಗದ ಬರಲಿಲ್ಲ. ಬಡಗಿ ದಿನಾ ಅಂಚೆಯವನನ್ನು ತಡೆದು ನಿಲ್ಲಿಸಿ ಕೇಳುತ್ತಾನೆ, ಆಮೇಲೆ ನನ್ನ ಕಡೆ ನೋಡದೆ ಉಳಿ ಮಸೆಯಲು ಕೂರುತ್ತಾನೆ. ನೀನು ಯಾಕೆ ಬರೆಯುತ್ತಿಲ್ಲ ಅಂತ ನನಗೆ ಗೊತ್ತು. ಉತ್ತರ ಬಾಕಿ ಇಟ್ಟವಳು ನಾನು.

ಮುಟ್ಟಿದ್ದೆ. ಗೊತ್ತಿತ್ತು.

ಆ ಗೋಡೆಯ ಹಿಂದೆ ಕೈತೊಳೆಯುವ ನಲ್ಲಿಯ ಪೈಪು ಇತ್ತು. ನೀನು ಶುರು ಮಾಡುವ ಮೂರು ದಿನ ಮುಂಚೆ ಅಂಗೈ ಇಟ್ಟಿದ್ದೆ. ಸೊಂಟದೆತ್ತರಕ್ಕೆ ತಣ್ಣಗಿತ್ತು. ನೀನು ಅವತ್ತು ಏನೋ ಗುನುಗಿಕೊಂಡು ಬಿರುಕು ಮುಚ್ಚುತ್ತಿದ್ದೆ. ಹೇಳಬೇಕು ಅಂತ ಬಾಯಿ ತೆರೆದೆ. ಆಮೇಲೆ, ನೋಡೋಣ, ಇವಳೇ ಕೈ ಇಟ್ಟು ನೋಡುತ್ತಾಳಾ ಅಂತ ಮಾತು ನುಂಗಿದೆ. ಮೂರು ದಿನ ಕಾದೆ. ನೀನು ಇಡಲಿಲ್ಲ. ಇಷ್ಟು ವರ್ಷ ಜೊತೆಯಲ್ಲಿದ್ದೂ ಕಲಿಯಲಿಲ್ಲವಲ್ಲ ಅಂತ ನನಗೆ ಕೋಪ ಏರುತ್ತಲೇ ಹೋಯಿತು. ಒಂದು ಮಾತು ಆಡದವಳು ನಾನು, ಕೋಪ ಮಾತ್ರ ನಿನ್ನ ಮೇಲೆ.

ಕೋಣೆ ತೆರೆಯುವ ದಿನ ಬೆಳಿಗ್ಗೆ ಮೇಷ್ಟ್ರುಗಳಿದ್ದರು, ನಿನ್ನ ಗೆಳತಿಯರಿದ್ದರು. ಎಲ್ಲರೂ ಎಷ್ಟು ಚೆನ್ನಾಗಿದೆ ಅನ್ನುತ್ತಿದ್ದಾಗ ನಾನು ಹೋಗಿ ಉಗುರು ಹಾಕಿ ಗೀರಿದೆ. ಮೊಳದುದ್ದ ಬಣ್ಣ ಕಿತ್ತು ನೇತಾಡಿತು. "ಇದೇನಾ ನಿನ್ನ ಕೆಲಸ?" ಅಂದೆ. ನಿನ್ನ ಮುಖ ನೋಡಲಿಲ್ಲ. ಪಾಠ ಕಲಿಸಿದೆ ಅಂತ ಬೀಗಿಕೊಂಡು ಮನೆಗೆ ಬಂದೆ. ಮರುದಿನ ಎದ್ದಾಗ ನಿನ್ನ ಹಾಸಿಗೆ ಮಡಿಸಿಟ್ಟಿತ್ತು.

ಎರಡು ವರ್ಷದಿಂದ ಆ ಮೂರು ದಿನವನ್ನು ತಿರುವಿ ಹಾಕುತ್ತಿದ್ದೇನೆ. ತಯಾರಿ ತಯಾರಿ ಅಂತ ಬಾಯಿ ಬಡಿದುಕೊಳ್ಳುವವಳು ನಾನು. ಆದರೆ ಅವತ್ತು ನಿನ್ನನ್ನು ಬೀಳಿಸಲು ತಯಾರಿ ಮಾಡಿದ್ದೆ, ನಿಲ್ಲಿಸಲು ಅಲ್ಲ. "ಬಾ, ಇಲ್ಲಿ ಕೈ ಇಟ್ಟು ನೋಡು" ಅಂದಿದ್ದರೆ ಮುಗಿಯುತ್ತಿತ್ತು. ನೀನು ಇಟ್ಟು ನೋಡುತ್ತಿದ್ದೆ, ಅಯ್ಯೋ ಅಮ್ಮಾ ತಣ್ಣಗಿದೆ ಅನ್ನುತ್ತಿದ್ದೆ, ಇಬ್ಬರೂ ಹೋಗಿ ಪೈಪು ರಿಪೇರಿ ಮಾಡಿಸುತ್ತಿದ್ದೆವು. ನನ್ನನ್ನು ಕ್ಷಮಿಸು ಅಂತ ಕೇಳಲೂ ನಾಚಿಕೆಯಾಗುತ್ತದೆ. ಕೇಳುತ್ತಿದ್ದೇನೆ.

ಇನ್ನೊಂದು ಹೇಳಿಬಿಡುತ್ತೇನೆ. ನೀನು ಮನೆ ಬಿಟ್ಟ ತಿಂಗಳೇ ನಿನ್ನ ಕೋಣೆಯ ಗೋಡೆ ಕೆರೆದು, ಬಿರುಕು ಮುಚ್ಚಿ, ಪ್ರೈಮರ್ ಬಳಿದೆ. ಬಣ್ಣ ಯಾವುದು ಅಂತ ನೀನು ಹೇಳಬೇಕಿತ್ತು, ಅದಕ್ಕೆ ನಿಲ್ಲಿಸಿದೆ. ಪ್ರೈಮರ್ ಮೇಲೆ ಬಣ್ಣ ಬೀಳದೆ ಆರು ತಿಂಗಳಾದರೆ ಮತ್ತೆ ಉಜ್ಜಿ ಮತ್ತೆ ಬಳಿಯಬೇಕು, ನಿನಗೇ ಗೊತ್ತು. ಇದುವರೆಗೆ ನಾಲ್ಕು ಸಲ ಬಳಿದಿದ್ದೇನೆ. ಬಡಗಿ ಹೇಳುತ್ತಾನೆ, "ಹೀಗೇ ಬಳೀತಾ ಇದ್ರೆ ಕೋಣೆ ಸಣ್ಣದಾಗುತ್ತೆ ಅಕ್ಕಾ."

ಇಂತಿ,
ಅಮ್ಮ


ಫೆಬ್ರವರಿ ೮

ಅಮ್ಮನಿಗೆ,

ನಿನ್ನ ಕಾಗದ ತಲುಪಿತು. ಓದಿದ ದಿನ ಕೆಲಸಕ್ಕೆ ರಜೆ ಕೊಟ್ಟು ಬಂಡೆಯ ಆಚೆ ತುದಿಯಲ್ಲಿ ಕೂತಿದ್ದೆ. ಎರಡು ವರ್ಷ ನನಗೆ ಕೆಲಸ ಬರುವುದಿಲ್ಲ ಅಂದುಕೊಂಡು ಬದುಕಿದ್ದೇನೆ ಅಮ್ಮ. ಬ್ರಷ್ ಹಿಡಿದಾಗಲೆಲ್ಲ ಬೆನ್ನ ಹಿಂದೆ ನೀನು ನಿಂತಿದ್ದೀಯ ಅನ್ನಿಸುತ್ತಿತ್ತು.

ಉತ್ತರ ಬರೆಯಲು ನಾನಿನ್ನೂ ಸಿದ್ಧಳಾಗಿಲ್ಲ. ಏಳನೇ ಸಲ ತೊಳೆದಾಗ ಗೋಡೆ ಸಪ್ಪೆಯಾಯಿತು. ಈಗ ಒಣಗುತ್ತಿದೆ. ಒಣಗಲು ಬಿಡು.

ಮಗಳು


ಫೆಬ್ರವರಿ ೨೦

ಮಗಳೇ,

ಬಿಟ್ಟಿದ್ದೇನೆ.

ಇವತ್ತು ಎತ್ತರದ ಒಂದು ಮನೆಯ ಮೂರನೇ ಮಹಡಿಯಲ್ಲಿ ಕೆಲಸವಿತ್ತು. ಕಿಟಕಿಯಿಂದ ಬಗ್ಗಿ ನೋಡಿದೆ. ನಮ್ಮ ಊರಿನಿಂದ ಸಮುದ್ರ ಎಲ್ಲಿ ಕಾಣಬೇಕು? ನೀನು ಗೆರೆಯನ್ನಾದರೂ ನೋಡುತ್ತೀಯ. ನನಗೆ ಎದುರು ಮನೆಯ ನೀರಿನ ಟ್ಯಾಂಕು ಕಂಡಿತು. ಆದರೂ ಸ್ವಲ್ಪ ಹೊತ್ತು ಅದನ್ನೇ ನೋಡಿಕೊಂಡು ನಿಂತಿದ್ದೆ. ಎರಡು ಲೋಟ ಟೀ ಮಾಡಿ ಒಂದನ್ನು ವಾಪಸ್ ಪಾತ್ರೆಗೆ ಸುರಿಯುವ ಅಭ್ಯಾಸ ಇನ್ನೂ ಹೋಗಿಲ್ಲ. ನೀನು ಬೇಕು ಅನ್ನಿಸುತ್ತದೆ, ಅಷ್ಟೇ. ಜಗಳವಾಡಲಿಕ್ಕಾದರೂ ಬೇಕು.

ನಿನ್ನ ಹೋದ ಸಲದ ಕಾಗದದ ಅಂಚಿಗೆ ಬೆರಳು ಒತ್ತಿ ನಾಲಿಗೆಗೆ ಇಟ್ಟು ನೋಡಿದೆ. ಉಪ್ಪಾಗಿತ್ತು. ಸಮುದ್ರದ ಗಾಳಿ ಇರಬೇಕು ಅಂತ ಬಡಗಿಗೆ ಹೇಳಿದೆ. ಅವನು "ಇರ್ಬೇಕು" ಅಂದ.

ಬಿಳಿ ಹೊಡೆಯುವ ದಿನ ಗಾಳಿ ಕಡಿಮೆ ಇರಲಿ. ಬಿಸಿಲಿರುವ ಕಡೆ ಬೇಡ, ನೆರಳು ಬಿದ್ದ ಕಡೆಯಿಂದ ಶುರು ಮಾಡು.

ಅಮ್ಮ


ಏಪ್ರಿಲ್ ೧

ಅಮ್ಮಾ,

ಪಾಸು!

ಮೊದಲಿಂದ ಹೇಳುತ್ತೇನೆ. ಮಾರ್ಚ್ ಎರಡನೇ ವಾರ ಬಿಳಿ ಬಣ್ಣದ ಡಬ್ಬದ ಮುಚ್ಚಳ ತೆಗೆದೆವು. ನಾಲ್ಕು ತಿಂಗಳು ಕೆರೆದು, ತೊಳೆದು, ನೆಕ್ಕಿ, ಕಾದು, ಹೊಡೆಯಲು ಹಿಡಿದದ್ದು ಒಂಬತ್ತೇ ದಿನ. ಏಳನೇ ದಿನ ಉದ್ದನೆಯವನು ಕಿಟಕಿಯ ಕೆಳಗೆ ಬ್ರಷ್ ಎತ್ತಿದ್ದ. ನಾನು ಬೆಳಿಗ್ಗೆಯೇ ಅಲ್ಲಿ ಕೈ ಇಟ್ಟಿದ್ದೆ, ತಣ್ಣಗಿತ್ತು. ಅವನು ಮುಟ್ಟಿ ನೋಡುತ್ತಾನಾ ಇಲ್ಲವಾ ಅಂತ ಒಂದು ಗಳಿಗೆ ನಾನೂ ಸುಮ್ಮನೆ ನಿಂತೆ. ಒಂದೇ ಗಳಿಗೆ. ಆ ಗಳಿಗೆಯಲ್ಲಿ ನಿನ್ನ ಮೇಲಿನ ಕೋಪ ಎಲ್ಲಿ ಹೋಯಿತೋ ಗೊತ್ತಿಲ್ಲ, ನಿನ್ನ ಮೂರು ದಿನ ನನಗೆ ಅರ್ಥವಾಯಿತು. "ಬಾರೋ, ಇಲ್ಲಿ ಕೈ ಇಟ್ಟು ನೋಡು" ಅಂದೆ. ಇಟ್ಟ. "ಅಯ್ಯೋ ಮೇಸ್ತ್ರಿ, ತಣ್ಣಗಿದೆ!" ಅಂದ. ನನಗೆ ಅಳು ಬಂತು. ಅವನು ಬೈಸಿಕೊಂಡೆ ಅಂದುಕೊಂಡು ಇಡೀ ದಿನ ಹೆಚ್ಚು ಕೆಲಸ ಮಾಡಿದ.

ತಪಾಸಣೆಯವನು ಮೊನ್ನೆ ಬಂದ. ದೋಣಿಯಲ್ಲಿ ಹೊಟ್ಟೆ ತೊಳಸಿ ಮುಖ ಸಿಂಡರಿಸಿಕೊಂಡೇ ಇಳಿದ. ಜೇಬಿನಿಂದ ಸಣ್ಣ ಚಾಕು ತೆಗೆದು ಗೋಡೆಯ ಮೇಲೆ ಅಡ್ಡಡ್ಡ ಉದ್ದುದ್ದ ಗೀರಿ, ಟೇಪು ಅಂಟಿಸಿ ಸರ್ರನೆ ಎಳೆದ. ನಿನ್ನ ಉಗುರು ಕಣ್ಣ ಮುಂದೆ ಬಂತು. ಟೇಪಿಗೆ ಏನೂ ಅಂಟಲಿಲ್ಲ. ಹನ್ನೊಂದು ಕಡೆ ಗೀರಿದ. ಕೊನೆಗೆ ಟೇಪನ್ನು ಬೆಳಕಿಗೆ ಹಿಡಿದು, "ಯಾರ ಹತ್ರ ಕೆಲಸ ಕಲಿತಿದ್ದಮ್ಮ?" ಅಂತ ಕೇಳಿದ. ನಮ್ಮಮ್ಮನ ಹತ್ರ ಅಂದೆ.

ಮುಂದಿನ ದೀಪಸ್ತಂಭವೂ ನನಗೇ ಸಿಕ್ಕಿದೆ. ಅದು ಇನ್ನೂ ದೂರ, ಅಲ್ಲಿಗೆ ದೋಣಿ ತಿಂಗಳಿಗೊಮ್ಮೆ. ಇದೇ ಭಾನುವಾರ ಇಲ್ಲಿಂದಲೇ ಹೊರಡಬೇಕು, ಮನೆಗೆ ಬಂದು ಹೋಗಲು ಸಮಯ ಕೊಡುತ್ತಿಲ್ಲ. ಗೆದ್ದರೆ ಮನೆಗೆ ಬರುತ್ತೇನೆ ಅಂತ ಮನಸ್ಸಿನಲ್ಲೇ ಅಂದುಕೊಂಡಿದ್ದೆ. ಗೆದ್ದಿದ್ದಕ್ಕೇ ಬರಲಾಗುತ್ತಿಲ್ಲ.

ಈ ಕಾಗದ ನಿನಗೆ ಶುಕ್ರವಾರ ಮಧ್ಯಾಹ್ನ ಸಿಗುತ್ತದೆ. ನಮ್ಮ ಸಾಮಾನು ಸಾಗಿಸಲು ದೋಣಿ ಈ ಸಲ ಶನಿವಾರ ಬೆಳಿಗ್ಗೆ ಆರಕ್ಕೇ ಬಂದರಿನಿಂದ ವಾಪಸ್ ಹೊರಡುತ್ತದೆ. ಶುಕ್ರವಾರವೇ ಸಂಜೆ ಐದರ ಬಸ್ಸು ಹಿಡಿದರೆ ಮಾತ್ರ ಅದು ಸಿಗುತ್ತದೆ. ಬಾ ಅಮ್ಮ. ತಪಾಸಣೆಯವನ ಚಾಕು ನನಗೆ ಸಾಲದು. ನೀನು ಬಂದು ಉಗುರು ಹಾಕಿ ಗೀರಬೇಕು. ಆಮೇಲೆ ಆರು ತಿಂಗಳು ಬೇಕಾದರೂ ನನ್ನ ಜೊತೆ ಇರು, ಅಲ್ಲಿ ರುಚಿ ನೋಡುವವರು ಒಬ್ಬರು ಹೆಚ್ಚಿಗೆ ಬೇಕು.

ಪೇಟೆಗೆ ಹೋಗಲೂ ಮೂರು ದಿನ ಮುಂಚೆ ಚೀಟಿ ಬರೆಯುವವಳು ನೀನು. ಎರಡು ಮೂರು ಗಂಟೆಯಲ್ಲಿ ಗಂಟುಮೂಟೆ ಕಟ್ಟಲು ನಿನ್ನಿಂದ ಆಗುವುದಿಲ್ಲ, ಗೊತ್ತು. ಆದರೂ ಕರೆದೆ. ಶನಿವಾರ ಬಂಡೆಯ ಅಂಚಿನಲ್ಲಿ ನಿಂತಿರುತ್ತೇನೆ.

ನಿನ್ನ,
ಮಗಳು


ಏಪ್ರಿಲ್ ೩, ಶುಕ್ರವಾರ

ತಮ್ಮಾ,

ನೀನು ಊಟಕ್ಕೆ ಹೋಗಿದ್ದೆ, ಅದಕ್ಕೆ ಈ ಚೀಟಿ. ನಿನ್ನ ಅಂಗಡಿಯ ಬಾಗಿಲು ಹೇಗೂ ಮುಚ್ಚುವುದಿಲ್ಲವಲ್ಲ, ಒಳಗೆ ಬಂದು ಮೂರು ಕಾಲಿನ ಮೇಜಿನ ಮೇಲೆ ಇಟ್ಟಿದ್ದೇನೆ. ಪಕ್ಕದಲ್ಲೇ ಮನೆಯ ಬೀಗದ ಕೈ ಇದೆ. ಮಗಳ ಹತ್ತಿರ ಹೋಗುತ್ತಿದ್ದೇನೆ. ಯಾವಾಗ ಬರುತ್ತೇನೋ ಗೊತ್ತಿಲ್ಲ, ಇಬ್ಬರೂ ಬರುತ್ತೇವೆ. ಅಲ್ಲಿಯವರೆಗೆ ಅವಳ ಕೋಣೆಯ ಗೋಡೆಗೆ ಮೊಳೆ ಹೊಡೆಯಬೇಡ.

ನಿನಗೊಂದು ಸುಳ್ಳು ಹೇಳಿದ್ದೆ. ನೀನು ಎಡವಿ ಬಿದ್ದ ಚೀಲದಲ್ಲಿ ಒರೆಸುವ ಬಟ್ಟೆ ಇರಲಿಲ್ಲ. ಮೂರು ಜೊತೆ ಬಟ್ಟೆ, ಟವೆಲು, ಭುಜನೋವಿನ ಎಣ್ಣೆ, ಗೋಡೆ ಕೆರೆಯುವ ನನ್ನ ಹಳೆಯ ತಗಡು. ಅವಳು ಮನೆ ಬಿಟ್ಟ ವಾರವೇ ಕಟ್ಟಿಟ್ಟದ್ದು. ಎಂದಾದರೂ ಒಂದು ದಿನ ಬಾ ಅಂದಾಗ ಅದು ಎಲ್ಲಿ ಇದು ಎಲ್ಲಿ ಅಂತ ಹುಡುಕುತ್ತಾ ಕೂರುವ ಹಾಗಾಗಬಾರದು ಅಂತ. ಎರಡು ವರ್ಷ ಐದು ತಿಂಗಳಾಯಿತು. ಇವತ್ತು ಬಾ ಅಂದಿದ್ದಾಳೆ.

ಕಾಗದ ಎರಡೂವರೆಗೆ ಬಂತು, ಬಸ್ಸು ಐದಕ್ಕೆ. ಮಾಡಲು ಒಂದೇ ಕೆಲಸ ಬಾಕಿ ಇತ್ತು. ಕಿಟಕಿಯ ಹತ್ತಿರ ಕೂತು ಹತ್ತೂ ಬೆರಳಿನ ಉಗುರು ಕತ್ತರಿಸಿಕೊಂಡೆ.

ನಿನ್ನ,
ಅಕ್ಕ